ಡ್ರೈವರ್ ಇಲ್ಲದ ಟ್ಯಾಕ್ಸಿಗೆ ಅಪ್ಪ-ಅಮ್ಮನನ್ನು ಹತ್ತಿಸುವುದು ಹೇಗೆ

ಊರಿಂದ ಅಪ್ಪ-ಅಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರೆ ಗೋಲ್ಡನ್ ಗೇಟ್ ಆದಮೇಲೆ ಎಲ್ಲರೂ ತೋರಿಸುವುದು ಡ್ರೈವರ್ ಇಲ್ಲದೆ ತಾನೇ ಓಡುವ ವೇಮೋ ಟ್ಯಾಕ್ಸಿ. ಸುಮ್ನೆ ಕರೆದುಕೊಂಡು ಹೋಗಿ ಹತ್ತಿಸಬೇಡಿ. ನಾನು ಹಾಗೇ ಮಾಡಿದ್ದೆ. ಕಾರು ಬಂದು ನಿಂತಿತು, ಅಮ್ಮ ಒಳಗೆ ಇಣುಕಿ "ಡ್ರೈವರ್ ಎಲ್ಲೋ?" ಅಂದರು. ಇಲ್ಲಮ್ಮ ಅಂದೆ. "ಸರಿ, ಬರ್ಲಿ, ಕಾಯೋಣ" ಅಂದರು.

ಹಾಗಾಗಿ ಹಿಂದಿನ ರಾತ್ರಿಯೇ ಊಟದ ಹೊತ್ತಲ್ಲಿ ಹೇಳಿಬಿಡಿ. "ಏನೂ ಆಗಲ್ಲ" ಅನ್ನಬೇಡಿ, ಅದನ್ನು ಯಾರೂ ನಂಬುವುದಿಲ್ಲ. ಆಗಿದ್ದನ್ನೇ ಹೇಳಿ. 2018ರ ಮಾರ್ಚ್‌ನಲ್ಲಿ ಅರಿಝೋನಾದ ಟೆಂಪಿಯಲ್ಲಿ ಊಬರ್‌ನ ತಾನೇ ಓಡುವ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿ ಅವರು ತೀರಿಕೊಂಡರು. 2023ರ ಅಕ್ಟೋಬರ್‌ನಲ್ಲಿ ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬೇರೆ ಕಾರು ಗುದ್ದಿ ಎದುರಿಗೆ ಬಿದ್ದ ಹೆಂಗಸನ್ನು ಜನರಲ್ ಮೋಟರ್ಸ್‌ನ ಡ್ರೈವರ್ ಇಲ್ಲದ ಟ್ಯಾಕ್ಸಿ ಕಂಪನಿ ಕ್ರೂಸ್‌ನ ಕಾರು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಅದೇ ತಿಂಗಳು ಅದರ ಪರ್ಮಿಟ್ ಹೋಯಿತು, ಮರುವರ್ಷ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ವ್ಯವಹಾರಕ್ಕೆ ದುಡ್ಡು ಹಾಕುವುದನ್ನೇ ನಿಲ್ಲಿಸಿತು. ನಮ್ಮಪ್ಪ ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವರು. ಇದನ್ನು ಕೇಳಿ ಹೆದರುತ್ತಾರೆ ಅಂದುಕೊಂಡರೆ "ಪರ್ಮಿಟ್ ಕಿತ್ಕೊಂಡ್ರಾ? ಹಾಗಾದ್ರೆ ಹೇಳೋರು ಕೇಳೋರು ಇದ್ದಾರೆ" ಅಂತ ಇನ್ನೊಂದು ಚಪಾತಿ ಹಾಕಿಸಿಕೊಂಡರು.

ಅಮ್ಮನ ಭಯಕ್ಕೆ ನಗಬೇಡಿ. ಅಮೆರಿಕದ ವಾಹನ ಸಂಘ ಎಎಎ 2025ರಲ್ಲಿ ಕೇಳಿದಾಗ ಇಲ್ಲಿಯವರಲ್ಲೇ ಶೇ. 61 ಜನ ಇಂಥ ಕಾರು ಹತ್ತಲು ಭಯ ಅಂದರು, ನಂಬುತ್ತೇವೆ ಅಂದವರು ಶೇ. 13 ಅಷ್ಟೇ.

ಲೆಕ್ಕ ಕೇಳುವವರು ಮನೆಯಲ್ಲಿದ್ದರೆ ವಿಮಾ ಕಂಪನಿ ಸ್ವಿಸ್ ರೀ ಜೊತೆ ಮಾಡಿದ ಅಧ್ಯಯನ ಇದೆ: ವೇಮೋ ಓಡಿದ 2.53 ಕೋಟಿ ಮೈಲಿಗಳಲ್ಲಿ, ಗಾಯಕ್ಕೆ ಸಂಬಂಧಿಸಿದ ವಿಮೆ ಕ್ಲೇಮುಗಳು ಮನುಷ್ಯರು ಓಡಿಸುವುದಕ್ಕಿಂತ ಶೇ. 92 ಕಡಿಮೆ. ಆದರೆ ಅಧ್ಯಯನದಲ್ಲಿ ವೇಮೋ ಕಂಪನಿಯವರೂ ಇದ್ದರು ಅನ್ನುವುದನ್ನೂ ಸೇರಿಸಿ ಹೇಳಿ. ಇನ್ನೊಂದು, ಅಮೆರಿಕದ ರಸ್ತೆಗಳಲ್ಲಿ ಸಾವು ಆಗುವುದು 10 ಕೋಟಿ ಮೈಲಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಸಾವಿನ ಬಗ್ಗೆ ಗಟ್ಟಿಯಾಗಿ ಮಾತಾಡಲು 2.53 ಕೋಟಿ ಸಾಲದು.

ಇನ್ನು ಹತ್ತುವುದು. ಹಗಲಲ್ಲೇ ಹೋಗಿ, ಹತ್ತು ನಿಮಿಷದ ದಾರಿ ಸಾಕು. ಕಾರಿನ ತಲೆ ಮೇಲೆ ನಿಮ್ಮ ಹೆಸರಿನ ಮೊದಲಕ್ಷರ ಬೆಳಗುತ್ತದೆ, ಫೋನಲ್ಲಿ ಒತ್ತಿದರೆ ಬಾಗಿಲು ತೆಗೆಯುತ್ತದೆ. ಒಂದೊಂದು ಸಲ ಸ್ವಲ್ಪ ದೂರ ನಿಲ್ಲಿಸುತ್ತದೆ, ಮಂಡಿನೋವು ಇರುವವರಿದ್ದರೆ ಆಪ್‌ನಲ್ಲಿ ನಡೆಯುವ ದೂರ ಮೊದಲೇ ನೋಡಿಕೊಳ್ಳಿ. ಡ್ರೈವರ್ ಸೀಟಲ್ಲಿ ಕೂರುವಂತಿಲ್ಲ, ಪಕ್ಕದ ಸೀಟಲ್ಲಿ ಕೂರಬಹುದು. ಗಾಡಿ ಓಡಿಸಿ ಗೊತ್ತಿರುವವರನ್ನು ಅಲ್ಲಿ ಕೂರಿಸಿ. ಸ್ಟಿಯರಿಂಗ್ ತಾನೇ ತಿರುಗುವಾಗ ಅವರ ಕೈ ಅದರ ಕಡೆ ಹೋಗುತ್ತದೆ, ಮುಟ್ಟಬಾರದು ಅಂತ ಮೊದಲೇ ಹೇಳಿ. ನಮ್ಮಪ್ಪನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕ್ ಒತ್ತುತ್ತಲೇ ಇತ್ತು!

ಅಮ್ಮನನ್ನು ಹಿಂದೆ, ಪರದೆ ಕಾಣುವ ಹಾಗೆ ಕೂರಿಸಿ. ಸುತ್ತ ಇರುವ ಕಾರು, ಸೈಕಲ್, ನಡೆದು ಹೋಗುವವರು ಎಲ್ಲ ಅದರಲ್ಲಿ ಚಿತ್ರವಾಗಿ ಮೂಡುತ್ತಾರೆ. ಭಯ ಇಳಿಯುವುದು ಇಲ್ಲೇ. ನಿಂತ ವ್ಯಾನಿನ ಹಿಂದಿಂದ ಒಬ್ಬ ಹುಡುಗ ಬಂದ. ನಾವು ನೋಡುವಷ್ಟರಲ್ಲಿ ಪರದೆ ಮೇಲೆ ಅವನಿದ್ದ, ಕಾರೂ ನಿಧಾನ ಮಾಡಿತ್ತು. "ಅದಕ್ಕೆ ಕಾಣತ್ತೆ ಕಣೋ" ಅಂದರು ಅಮ್ಮ, ಅಲ್ಲಿಯವರೆಗೆ ಹಿಡಿದಿದ್ದ ನನ್ನ ತೋಳು ಬಿಟ್ಟರು. ನಡುವೆಯೇ ಕಾರು ನಿಲ್ಲಿಸಿ ಇಳಿಯಲು, ಸಹಾಯಕ್ಕೆ ಜನರ ಜೊತೆ ಮಾತಾಡಲು ಅದೇ ಪರದೆಯಲ್ಲಿ ಬಟನ್ ಇದೆ. ಹೊರಡುವ ಮೊದಲೇ ತೋರಿಸಿ, ಒತ್ತದಿದ್ದರೂ ಧೈರ್ಯ ಇರುತ್ತದೆ.

ಇಳಿದಮೇಲೆ ಒಂದು ಪ್ರಶ್ನೆ ಬರುತ್ತದೆ, ಅದು ಸುರಕ್ಷತೆಯದ್ದಲ್ಲ. "ಡ್ರೈವರ್‌ಗಳೆಲ್ಲ ಏನ್ ಮಾಡ್ತಾರೆ?" ನಿತಿನ್ ಗಡ್ಕರಿ ಕೂಡ 2023ರಲ್ಲಿ ಇದೇ ಕಾರಣ ಹೇಳಿ ಭಾರತಕ್ಕೆ ಇಂಥ ಕಾರು ಬಿಡಲ್ಲ ಅಂದಿದ್ದರು, ಅಲ್ವಾ? ಅದನ್ನೇ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ವಾಪಸ್ ಬರಲು ಡ್ರೈವರ್ ಇರುವ ಕ್ಯಾಬ್ ಮಾಡು ಅಂದರು, ಮಾಡಿದೆ.