ಟ್ಯಾಲಿ ಸರ್ವರ್‌ಗೆ ಹೊರಗಿನವರ ಲಾಗಿನ್: ತಡೆಯುವುದು ಹೇಗೆ?

ದಾವಣಗೆರೆಯ ಬಟ್ಟೆ ಅಂಗಡಿ ಇರಲಿ, ಪೀಣ್ಯದ ಸಣ್ಣ ವರ್ಕ್‌ಶಾಪ್ ಇರಲಿ, ಯಾವಾಗಲೂ ಆನ್ ಇರುವ ಕಂಪ್ಯೂಟರ್ ಒಂದಿರುತ್ತದೆ. ಎಲ್ಲರೂ ಅದನ್ನೇ ಸರ್ವರ್ ಅನ್ನುತ್ತಾರೆ. ಟ್ಯಾಲಿ ಅದರಲ್ಲೇ, ಜಿಎಸ್‌ಟಿ ಲೆಕ್ಕವೂ ಅದರಲ್ಲೇ. ಅಕೌಂಟೆಂಟ್ ಮನೆಯಿಂದಲೂ ಎಂಟ್ರಿ ಹಾಕಲಿ ಅಂತ ಯಾರೋ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದ ಕಂಪ್ಯೂಟರ್ ಬಳಸುವ ವಿಂಡೋಸ್ ಸೌಲಭ್ಯ) ಆನ್ ಮಾಡಿ, ರೂಟರ್‌ನಲ್ಲಿ 3389 ನಂಬರಿನ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದು ಹೋಗಿರುತ್ತಾರೆ. ಕೆಲಸ ಸಲೀಸಾಗುತ್ತದೆ, ನಿಜ. ಆದರೆ ಅವತ್ತಿನಿಂದ ಆ ಲಾಗಿನ್ ಪರದೆ ಇಂಟರ್ನೆಟ್‌ನಲ್ಲಿರುವ ಎಲ್ಲರಿಗೂ ಸಿಗುತ್ತದೆ.

‘ನಮ್ಮದು ಸಣ್ಣ ವ್ಯಾಪಾರ, ನಮ್ಮನ್ನ್ಯಾರು ಹುಡುಕ್ತಾರೆ?’ ಅನ್ನುವವರೇ ಜಾಸ್ತಿ. ಇಲ್ಲಿ ಯಾರೂ ಹೆಸರು ನೋಡಿ ಹುಡುಕುವುದಿಲ್ಲ. ಐಪಿ ವಿಳಾಸಗಳನ್ನು (ಇಂಟರ್ನೆಟ್ ಸಂಪರ್ಕಗಳ ನಂಬರುಗಳು) ಸಾಲಾಗಿ ತಟ್ಟಿ ನೋಡುವ ಪ್ರೋಗ್ರಾಂಗಳಿವೆ. ತೆರೆದ ಪೋರ್ಟ್ ಸಿಕ್ಕರೆ ಹಗಲೂ ರಾತ್ರಿ ಒಂದಾದ ಮೇಲೊಂದು ಪಾಸ್‌ವರ್ಡ್ ಹಾಕುತ್ತವೆ. ಒಂದು ಹೊಂದಿಕೊಂಡರೆ ಸಾಕು, ಟ್ಯಾಲಿ ಡೇಟಾ ಪೂರ್ತಿ ಲಾಕ್ ಆಗಿ, ಹಣ ಕೇಳುವ ಚೀಟಿ ಪರದೆ ಮೇಲೆ ಬರುತ್ತದೆ. ಡಾರ್ಮಾ, ಫೋಬೋಸ್ ಎಂಬ ರ‍್ಯಾನ್ಸಮ್‌ವೇರ್‌ಗಳು ಇದೇ ದಾರಿಯಲ್ಲಿ ನುಗ್ಗಿ ಕುಖ್ಯಾತವಾದವು.

ಮೊದಲು ಕಣ್ಣಾರೆ ನೋಡಿ

ಸರ್ವರ್‌ನಲ್ಲಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಸೆಕ್ಯುರಿಟಿಗೆ ಹೋಗಿ, ಫಿಲ್ಟರ್‌ನಲ್ಲಿ 4625 ಹಾಕಿ. ಇವು ಸೋತ ಲಾಗಿನ್‌ಗಳು. ಒಂದರ ಮೇಲೆ ಕ್ಲಿಕ್ ಮಾಡಿದರೆ ಯಾವ ಯೂಸರ್ ಹೆಸರು ಹಾಕಿದ್ದರು, ಯಾವ ಐಪಿಯಿಂದ ಬಂದರು ಅನ್ನುವುದು ಕಾಣುತ್ತದೆ. ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಬ್ಯಾಕಪ್ ಅಂತ ನಿಮ್ಮಲ್ಲಿ ಇಲ್ಲದ ಹೆಸರುಗಳು ಕೆಲವೇ ಸೆಕೆಂಡುಗಳ ಅಂತರದಲ್ಲಿ ಸಾಲುಗಟ್ಟಿದ್ದರೆ ಅದು ಯಂತ್ರದ ಕೆಲಸ. ಏನೂ ಕಾಣದಿದ್ದರೆ ಸಮಾಧಾನಪಡಬೇಡಿ. ಲೋಕಲ್ ಸೆಕ್ಯುರಿಟಿ ಪಾಲಿಸಿಯ ಆಡಿಟ್ ಪಾಲಿಸಿಯಲ್ಲಿ ಲಾಗಾನ್ ಫೇಲ್ಯೂರ್‌ಗೆ ಟಿಕ್ ಇದೆಯಾ ನೋಡಿ.

ಆಮೇಲೆ 4624 ಹಾಕಿ. ಇವು ಒಳಗೆ ಬಂದ ಲಾಗಿನ್‌ಗಳು. ಅಂಗಡಿ ಮುಚ್ಚಿದ ಹೊತ್ತಿನಲ್ಲಿ, ಗೊತ್ತಿಲ್ಲದ ಐಪಿಯಿಂದ ಒಂದೇ ಒಂದು ಸಿಕ್ಕರೂ ಈ ಲೇಖನದ ಕೊನೆಯ ಭಾಗಕ್ಕೆ ಹೋಗಿ.

ಪೋರ್ಟ್ ಮುಚ್ಚಿ

ಪಾಸ್‌ವರ್ಡ್ ಬದಲಾಯಿಸುವುದಕ್ಕಿಂತ ಮೊದಲು ಮಾಡಬೇಕಾದ್ದು ಇದು. ಬೀಗ ಎಷ್ಟೇ ಗಟ್ಟಿ ಇರಲಿ, ಬೀದಿಗೆ ಬಾಗಿಲೇ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ವಾ? ಬ್ರೌಸರ್‌ನಲ್ಲಿ ರೂಟರ್ ಪುಟ ತೆರೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಅನ್ನುವಲ್ಲಿ 3389ರ ಸಾಲು ಅಳಿಸಿ. ಒಂದು ಕಂಪ್ಯೂಟರನ್ನು ಪೂರ್ತಿ ಹೊರಗೆ ತೆರೆದಿಡುವ ಡಿಎಂಜೆಡ್ ಮತ್ತು ತಾನಾಗಿಯೇ ಪೋರ್ಟ್ ತೆರೆಯುವ ಯುಪಿಎನ್‌ಪಿ ಕೂಡ ಆಫ್ ಮಾಡಿ. ರೂಟರ್‌ಗೆ ಬಂದಾಗಿನಿಂದ ಇರುವ ಪಾಸ್‌ವರ್ಡನ್ನೂ ಬದಲಿಸಿ.

ಪೋರ್ಟ್ ನಂಬರನ್ನು 3390 ಅಂತ ಬದಲಾಯಿಸಿ ‘ಸೇಫ್ ಆಯ್ತು’ ಅನ್ನುವವರಿದ್ದಾರೆ. ನಂಬಬೇಡಿ. ಆ ಪ್ರೋಗ್ರಾಂಗಳು ಬೇರೆ ನಂಬರುಗಳನ್ನೂ ತಟ್ಟುತ್ತವೆ.

ಮುಚ್ಚಿದ ಮೇಲೆ ಪರೀಕ್ಷೆ ಮಾಡಿ. ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ, ಡೇಟಾದಲ್ಲಿ, ರಿಮೋಟ್ ಡೆಸ್ಕ್‌ಟಾಪ್ ಆಪ್‌ನಿಂದ ಅಂಗಡಿಯ ಹೊರಗಿನ ಐಪಿಗೆ (ರೂಟರ್‌ಗೆ ಇಂಟರ್ನೆಟ್ ಕಡೆಯಿಂದ ಸಿಕ್ಕಿರುವುದು) ಕನೆಕ್ಟ್ ಮಾಡಿ. ಲಾಗಿನ್ ಪರದೆ ಬರಲೇಬಾರದು.

ಹಾಗಾದರೆ ಅಕೌಂಟೆಂಟ್ ಒಳಗೆ ಬರುವುದು ಹೇಗೆ?

ವಿಪಿಎನ್ ಮೂಲಕ, ಅಂದರೆ ನಿಮ್ಮವರಿಗಷ್ಟೇ ತೆರೆಯುವ ಖಾಸಗಿ ದಾರಿಯಲ್ಲಿ. ಒಳ್ಳೆಯ ರೂಟರ್ ಆದರೆ ವೈರ್‌ಗಾರ್ಡ್ ಎಂಬ ವಿಪಿಎನ್ ಅದರಲ್ಲೇ ಇರಬಹುದು. ಸಣ್ಣ ಆಫೀಸಿಗೆ ನನಗೆ ಸುಲಭ ಅನ್ನಿಸುವುದು ಟೇಲ್‌ಸ್ಕೇಲ್ ತರಹದ ವಿಪಿಎನ್ ಆಪ್. ಸರ್ವರ್‌ಗೂ ಅಕೌಂಟೆಂಟ್ ಲ್ಯಾಪ್‌ಟಾಪ್‌ಗೂ ಹಾಕಿ ಲಾಗಿನ್ ಆದರೆ ಎರಡಕ್ಕೂ 100ರಿಂದ ಶುರುವಾಗುವ ಒಂದೊಂದು ವಿಳಾಸ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸರ್ವರ್‌ನ ಆ ವಿಳಾಸ ಹಾಕಿದರೆ ಆಯಿತು. ಬದಲಾಗದ (ಸ್ಟ್ಯಾಟಿಕ್) ಐಪಿ ಬೇಕಿಲ್ಲ, ಪೋರ್ಟ್ ತೆರೆಯಬೇಕಿಲ್ಲ. ಇದಕ್ಕೆ ಬಳಸುವ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಗೆ ಎರಡು ಹಂತದ ಲಾಗಿನ್ ಇರಲೇಬೇಕು. ಇಲ್ಲದಿದ್ದರೆ ತೊಂದರೆ ಇಲ್ಲಿಂದ ಅಲ್ಲಿಗೆ ಹೋಯಿತು, ಅಷ್ಟೇ.

ಇನ್ನೊಂದು ಬಿಗಿ ಇದೆ. ವಿಂಡೋಸ್ ಫೈರ್‌ವಾಲ್‌ನ ಇನ್‌ಬೌಂಡ್ ರೂಲ್ಸ್‌ನಲ್ಲಿ ‘ರಿಮೋಟ್ ಡೆಸ್ಕ್‌ಟಾಪ್ - ಯೂಸರ್ ಮೋಡ್’ ಹೆಸರಿನ ಟಿಸಿಪಿ, ಯುಡಿಪಿ ರೂಲ್‌ಗಳನ್ನು ತೆರೆದು, ಸ್ಕೋಪ್‌ನಲ್ಲಿ ರಿಮೋಟ್ ಐಪಿ ಜಾಗಕ್ಕೆ ಟೇಲ್‌ಸ್ಕೇಲ್ ವಿಳಾಸಗಳ ಸಾಲಾದ 100.64.0.0/10 ಮಾತ್ರ ಹಾಕಿ. ಅಂಗಡಿ ಒಳಗಿನಿಂದಲೂ ರಿಮೋಟ್ ಬಳಸುವುದಿದ್ದರೆ ನಿಮ್ಮ ಲೋಕಲ್ ನೆಟ್‌ವರ್ಕ್ ಸೇರಿಸಿ.

ಯೂಸರ್‌ಗಳು

ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್‌ನಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿ. ಒಬ್ಬೊಬ್ಬರಿಗೆ ಒಂದೊಂದು ಯೂಸರ್ ಕೊಡಿ. ಅಡ್ಮಿನ್ ಅಧಿಕಾರಕ್ಕೆ ಬೇರೆ ಹೆಸರಿನ ಖಾತೆ ಮಾಡಿ, ಅದು ಕೆಲಸ ಮಾಡುತ್ತದೆ ಅಂತ ಖಾತ್ರಿ ಮಾಡಿಕೊಂಡು ಹಳೆಯದನ್ನು ಡಿಸೇಬಲ್ ಮಾಡಿ. ಕೆಲಸ ಬಿಟ್ಟವರ ಯೂಸರ್ ಅವತ್ತೇ ಹೋಗಬೇಕು. ಪಾಸ್‌ವರ್ಡ್‌ನಲ್ಲಿ ಅಂಗಡಿ ಹೆಸರು, ಮೊಬೈಲ್ ನಂಬರ್ ಬೇಡ. ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದರೆ ಉದ್ದವೂ ಆಗುತ್ತದೆ, ನೆನಪೂ ಇರುತ್ತದೆ.

ಲೋಕಲ್ ಸೆಕ್ಯುರಿಟಿ ಪಾಲಿಸಿಯ ಅಕೌಂಟ್ ಲಾಕೌಟ್ ಪಾಲಿಸಿಯಲ್ಲಿ 10 ತಪ್ಪು ಪಾಸ್‌ವರ್ಡ್‌ಗೆ 10 ನಿಮಿಷ ಲಾಕ್ ಅಂತ ಇಡಿ. ಪೋರ್ಟ್ ಮುಚ್ಚದೆ ಇದನ್ನು ಹಾಕಬೇಡಿ: ಹೊರಗಿನ ಯಂತ್ರ ತಪ್ಪು ಹಾಕುತ್ತಾ ಹೋದರೆ ನಿಮ್ಮವರೇ ಒಳಗೆ ಬರಲಾಗದೆ ಕೂರಬೇಕಾಗುತ್ತದೆ.

ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಆಪ್‌ನಲ್ಲಿ ಸರ್ವಿಸ್‌ನವರು ಖಾಯಂ ಪಾಸ್‌ವರ್ಡ್ ಇಟ್ಟು ಹೋಗಿದ್ದಾರಾ ಅಂತಲೂ ನೋಡಿ, ತೆಗೆದುಬಿಡಿ.

ಅಪ್‌ಡೇಟ್, ಬ್ಯಾಕಪ್

2019ರ ಮೇ ತಿಂಗಳಲ್ಲಿ ಬಯಲಾದ, ರಿಮೋಟ್ ಡೆಸ್ಕ್‌ಟಾಪ್‌ನ ಬ್ಲೂಕೀಪ್ ದೋಷದ ಮೂಲಕ ನುಗ್ಗಲು ಪಾಸ್‌ವರ್ಡೇ ಬೇಕಿರಲಿಲ್ಲ. ಬೆಂಬಲ ನಿಂತಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಅಪ್‌ಡೇಟ್ ಕೊಟ್ಟಿತು. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ, 10ರದ್ದು 2025ರ ಅಕ್ಟೋಬರ್ 14ಕ್ಕೆ. ಅಂಥ ಸರ್ವರ್ ಇದ್ದರೆ ಬದಲಿಸಲು ಹಣ ಎತ್ತಿಡಿ.

ಬ್ಯಾಕಪ್ ಡಿಸ್ಕನ್ನು ಸರ್ವರ್‌ಗೆ ಚುಚ್ಚಿಯೇ ಬಿಡಬೇಡಿ. ಸರ್ವರ್ ಲಾಕ್ ಆದರೆ ಅದೂ ಲಾಕ್ ಆಗುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು, ಒಂದು ಮನೆಯಲ್ಲಿರಲಿ. ಆಗಾಗ ಬೇರೆ ಕಂಪ್ಯೂಟರ್‌ನಲ್ಲಿ ಟ್ಯಾಲಿ ಡೇಟಾ ರಿಸ್ಟೋರ್ ಮಾಡಿ ನೋಡಿ.

ಆಗಲೇ ಒಳಗೆ ಬಂದಿದ್ದರೆ

ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ಇದ್ದರೆ ಆಫ್ ಮಾಡಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಿಸಬೇಡಿ, ಸಾಕ್ಷಿ ಹೋಗುತ್ತದೆ. ಪರದೆಯ ಫೋಟೋ ತೆಗೆದು, ಬೇರೆ ಕಂಪ್ಯೂಟರ್‌ನಿಂದ ಬ್ಯಾಂಕ್, ಜಿಎಸ್‌ಟಿ, ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, 180 ದಿನಗಳ ಲಾಗ್ (ಕಂಪ್ಯೂಟರ್ ಬರೆದಿಡುವ ದಾಖಲೆ) ಇಟ್ಟಿರಬೇಕು. ಸೆಕ್ಯುರಿಟಿ ಲಾಗ್ ತುಂಬಿದಂತೆ ಹಳೆಯದು ಅಳಿದುಹೋಗುತ್ತದೆ. ಹಾಗಾಗಿ ಅದರ ಪ್ರಾಪರ್ಟೀಸ್‌ನಲ್ಲಿ ಗಾತ್ರವನ್ನು ಇವತ್ತೇ ಹೆಚ್ಚಿಸಿ, ತಿಂಗಳಿಗೊಮ್ಮೆ ಲಾಗ್ ಫೈಲನ್ನೂ ಬ್ಯಾಕಪ್ ಡಿಸ್ಕ್‌ಗೆ ಸೇವ್ ಮಾಡಿ.