ಮೊದಲು ಬಡ್ಡಿ ಇಳಿಯಬೇಕು: ಸಂಘದ ಪುಸ್ತಕ ಬರೆದ ನನ್ನ ಅನುಭವ

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಸ್ವಸಹಾಯ ಸಂಘದ ಪುಸ್ತಕ ಬರೆಯುತ್ತೇನೆ. ಪಿಯುಸಿ ಓದಿದ ಸೊಸೆ ಊರಿಗೆ ಬಂದಿದ್ದಾಳೆ ಅಂತ ಗೊತ್ತಾಗಿದ್ದೇ ತಡ, ಹೆಂಗಸರು ಲೆಡ್ಜರ್ ತಂದು ಮುಂದೆ ಇಟ್ಟರು. ಈಗ ಅಕ್ಕಪಕ್ಕದ ಊರುಗಳ ಸಂಘಗಳದ್ದೂ ಸೇರಿ ಮನೆಯ ಬೀರು ತುಂಬಿದೆ. ಬಡತನ ಹೋಗಲು ಏನು ಮಾಡಬೇಕು ಅಂತ ತರಬೇತಿಗಳಲ್ಲಿ ಬಹಳ ಮಾತು ಕೇಳಿದ್ದೇನೆ. ನನ್ನ ಉತ್ತರ ಚಿಕ್ಕದು. ಮೊದಲು ಬಡ್ಡಿ ಇಳಿಯಬೇಕು. ಹಸು, ಹೊಲಿಗೆ ಮಿಷನ್, ಹಪ್ಪಳ ಎಲ್ಲ ಆಮೇಲೆ.

ನಮ್ಮ ಕಡೆ ವಾರದ ಸಾಲ ಅಂತ ಇದೆ. ಹತ್ತು ಸಾವಿರ ಕೇಳಿದರೆ ಕೈಗೆ ಬರೋದು ₹8,500. ಉಳಿದ ₹1,500 ಮೊದಲೇ ಮುರಿದುಕೊಳ್ಳುತ್ತಾರೆ. ವಾರಕ್ಕೆ ಸಾವಿರದಂತೆ 10 ವಾರ ಕಟ್ಟಬೇಕು. "ನೂರಕ್ಕೆ ಹದಿನೈದು ತಾನೇ?" ಅಂತ ಎಲ್ಲರೂ ಅಂದುಕೊಂಡಿದ್ದರು. ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಸಭೆಯಲ್ಲಿ ಹುಣಸೆ ಬೀಜ ಹರಡಿಕೊಂಡು ಕೂತೆ. ಒಂದು ಬೀಜ ಅಂದರೆ ₹500. ಕೈಗೆ ಬಂದಿದ್ದು 17 ಬೀಜ. ವಾರಕ್ಕೆ ಎರಡೆರಡು ತೆಗೆಯುತ್ತಾ ಹೋದೆವು. 5ನೇ ವಾರ ಮುಗಿದಾಗ ಉಳಿದದ್ದು 7 ಬೀಜ, ಇನ್ನೂ ಕಟ್ಟಬೇಕಾದ್ದು 10! ಹೇಗಪ್ಪಾ ಅಂತ ಗುಜುಗುಜು ಶುರುವಾಯಿತು. ಕಂತು ಕಟ್ಟುತ್ತಾ ಬಂದ ಹಾಗೆ ಅವರ ದುಡ್ಡು ನಮ್ಮ ಹತ್ತಿರ ಕರಗುತ್ತಲೇ ಇರುತ್ತದೆ, ಅಲ್ವಾ? ಸರಾಸರಿ ಹಿಡಿದರೆ ಐದು ಸಾವಿರವೂ ನಮ್ಮ ಬಳಿ ಇರಲ್ಲ. ಅಷ್ಟಕ್ಕೆ ಎರಡೂವರೆ ತಿಂಗಳೊಳಗೆ ₹1,500 ಬಡ್ಡಿ. ವರ್ಷದಲ್ಲಿ ಇಂಥ ಹತ್ತು ವಾರಗಳು ಐದು ಬರುತ್ತವೆ. ಅಂದರೆ ವರ್ಷಕ್ಕೆ ನೂರಕ್ಕೆ ನೂರೈವತ್ತರ ಮೇಲೆ.

ಅದೇ ಹತ್ತು ಸಾವಿರ ಸಂಘದಲ್ಲಿ ತೆಗೆದರೆ? ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅದೂ ಉಳಿದ ಅಸಲಿಗೆ ಮಾತ್ರ. ತಿಂಗಳಿಗೆ ಸಾವಿರ ಅಸಲು ಕಟ್ಟಿದರೆ ಬಡ್ಡಿ ಮೊದಲ ತಿಂಗಳು 200, ಆಮೇಲೆ 180, 160... 10 ತಿಂಗಳಿಗೆ ಒಟ್ಟು ₹1,100. ಆ ದುಡ್ಡೂ ಹೊರಗೆ ಹೋಗಲ್ಲ, ಸಂಘದ ಪೆಟ್ಟಿಗೆಗೇ ಬೀಳುತ್ತದೆ. ವರ್ಷಕ್ಕೆ 24 ಅಂದರೆ ಕಡಿಮೆ ಬಡ್ಡಿಯೇನಲ್ಲ ಅಂತ ಪೇಟೆಯವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ.

ಈ ಪದ್ಧತಿಯ ಬೇರು ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದ ಮಧ್ಯದಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಅವುಗಳ ಸದಸ್ಯರು ಚಿಕ್ಕ ಚಿಕ್ಕ ಗುಂಪಾಗಿ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆಯ ಹತ್ತಿರ ಬಂದು, ಸಾಲವನ್ನು ಸಹಕಾರ ಸಂಘಕ್ಕಲ್ಲ, ನಿಮಗೇ ತೀರಿಸುತ್ತೇವೆ ಅಂದರು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದ ಗುಂಪುಗಳು ಅವು. 1987ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಮೈರಾಡಕ್ಕೆ 10 ಲಕ್ಷ ಕೊಟ್ಟಿತು, 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಹೆಂಗಸರ ಸಂಘಗಳಿಗಾಗಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದಿದ್ದು 2000ದಲ್ಲಿ.

ನಾನು ಹಟ ಹಿಡಿದ ವಿಷಯ ಒಂದಿದೆ. ಸಾಲದ ಪುಸ್ತಕದಲ್ಲಿ 'ಉದ್ದೇಶ' ಅನ್ನುವ ಕಾಲಂ. ಎಲ್ಲ ಕಡೆ ಅಲ್ಲಿ ಸುಮ್ನೆ 'ಹಸು' ಅಂತ ಬರೆಯುತ್ತಾರೆ, ನೋಡಲು ಬಂದವರಿಗೆ ಖುಷಿಯಾಗಲಿ ಅಂತ. ಕಾಗದದ ಮೇಲಿನ ಹಸುಗಳೆಲ್ಲ ನಿಜವಾಗಿದ್ದರೆ ನಮ್ಮೂರಿನ ಡೇರಿಗೆ ಇನ್ನೆರಡು ಕಟ್ಟಡ ಬೇಕಾಗುತ್ತಿತ್ತು! ನಾನು ಇದ್ದದ್ದು ಇದ್ದ ಹಾಗೆ ಬರೆದೆ. ಆಸ್ಪತ್ರೆ. ಮಗಳ ಹಾಸ್ಟೆಲ್ ಫೀಸು. ಟೊಮೇಟೊ ಸಸಿ. ಗಿರವಿ ಇಟ್ಟ ಓಲೆ ಬಿಡಿಸಲು. ವಾರದ ಸಾಲ ತೀರಿಸಲು. ವರ್ಷದ ಕೊನೆಗೆ ಆ ಕಾಲಂ ಜೋರಾಗಿ ಓದಿದೆ. ಗಿರವಿ ಮತ್ತು ವಾರದ ಸಾಲವೇ ಜಾಸ್ತಿ. ಅಲ್ಲಿಗೆ ಸಭೆಯೇ ತೀರ್ಮಾನ ಮಾಡಿತು: ಹೊರಗಿನ ಸಾಲ ತೀರಿಸುವವರಿಗೆ ಮೊದಲ ಸರದಿ, ಹಸು ಆಮೇಲೆ. ಮೇಲಿನವರಿಗೆ ಇದು ಹಿಡಿಸಲಿಲ್ಲ. "ಆದಾಯ ತರುವ ಚಟುವಟಿಕೆ ಎಲ್ಲಿ?" ಅಂದರು. ತಿಂಗಳಿಗೆ ಸಾವಿರ ಬಡ್ಡಿ ಕಟ್ಟುತ್ತಿದ್ದವಳು ಅದನ್ನು ನಿಲ್ಲಿಸಿದರೆ ಅದು ಆದಾಯ ಅಲ್ವಾ? ಹಾಲು, ಮೇವು, ಡಾಕ್ಟರು ಯಾವುದರ ಗೊಡವೆಯೂ ಇಲ್ಲದ ಆದಾಯ.

ಹೈದರಾಬಾದಿನ ಬಡಾವಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ತಂಡ ಅಧ್ಯಯನ ಮಾಡಿದಾಗಲೂ ಸಣ್ಣ ಸಾಲದಿಂದ ಮನೆಗಳ ಖರ್ಚು-ವೆಚ್ಚ ಅಷ್ಟೇನೂ ಮೇಲೇರಲಿಲ್ಲ. ಮೊದಲೇ ವ್ಯಾಪಾರ ಇದ್ದವರು ಒಂದಿಷ್ಟು ಬೆಳೆಸಿಕೊಂಡರು, ಅಷ್ಟೆ. ನಮ್ಮಲ್ಲೂ ಹಾಗೇ. ಹಸು ಸಾಲದಲ್ಲಿ ಗೆದ್ದವರು ಮನೆಯಲ್ಲಿ ಮೊದಲೇ ಒಂದು ಹಸು, ಸ್ವಲ್ಪ ಮೇವಿನ ಜಾಗ ಇದ್ದವರು.

ಬ್ಯಾಂಕಿನ ಕಥೆ ಚುಟುಕಾಗಿ ಹೇಳುತ್ತೇನೆ. ಆರು ತಿಂಗಳು ಸರಿಯಾಗಿ ನಡೆದ ಸಂಘಕ್ಕೆ ಸಾಲ ಸಿಗುತ್ತದೆ. ಆ ಆರು ತಿಂಗಳು ಖಾತೆ ತೆರೆದ ದಿನದಿಂದ ಅಲ್ಲ, ನಮ್ಮ ಪುಸ್ತಕದ ಪ್ರಕಾರ. ಇದನ್ನು ಗಟ್ಟಿಯಾಗಿ ಹೇಳಿ, ವಾದ ಮಾಡಬೇಕಾಗಿ ಬಂದರೂ ಬಿಡಬೇಡಿ. ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಗೆ ಸೇರಿದ ಸಂಘಕ್ಕೆ 3 ಲಕ್ಷದವರೆಗೆ ವರ್ಷಕ್ಕೆ 7 ಪರ್ಸೆಂಟ್ ಬಡ್ಡಿ. ಅಡಮಾನ ಏನೂ ಇಲ್ಲ.

ಕಷ್ಟದ್ದು ಬೇರೆ ಇದೆ. ತೀರಾ ಬಡವರು ಸಂಘಕ್ಕೆ ಬರೋದೇ ಇಲ್ಲ. ಕೂಲಿ ಸಿಗದ ವಾರ ಉಳಿತಾಯದ ಐವತ್ತು ರೂಪಾಯಿ ಎಲ್ಲಿಂದ ತರೋದು ಅಂತ ಹೆದರುತ್ತಾರೆ. ನಾವು ಸಭೆಯನ್ನು ಸೋಮವಾರದಿಂದ ಕೂಲಿ ಬಟವಾಡೆಯ ಸಂಜೆಗೆ ಬದಲಾಯಿಸಿದೆವು. ಕೂಲಿಯವರಿಗೆ ಉಳಿತಾಯ ಹತ್ತು ರೂಪಾಯಿ ಸಾಕು, ಸಾಲದ ಹಕ್ಕು ಮಾತ್ರ ಎಲ್ಲರಷ್ಟೇ ಅಂತ ನಡಾವಳಿಯಲ್ಲಿ ಬರೆದೆವು. ಅನುಕೂಲಸ್ಥರು ಗೊಣಗಿದರು, ಒಬ್ಬಿಬ್ಬರು ಬಿಟ್ಟೂ ಹೋದರು.

ಈಗಿನ ತಲೆನೋವು ಮೈಕ್ರೋಫೈನಾನ್ಸ್, ಅಂದರೆ ಅಡಮಾನವಿಲ್ಲದೆ ಸಣ್ಣ ಸಾಲ ಕೊಟ್ಟು ಕಂತಿನಲ್ಲಿ ವಸೂಲಿ ಮಾಡುವ ಕಂಪನಿಗಳು. ಕೋಲಾರದಲ್ಲಿ 2009ರಲ್ಲೇ ಜನ ಕಂತು ಕಟ್ಟೋದು ನಿಲ್ಲಿಸಿ ದೊಡ್ಡ ಸುದ್ದಿಯಾಗಿತ್ತು. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೊಡುವವರು ಬೆದರಿಸೋದು ತಪ್ಪಿದರೂ ಕಂತು ತಪ್ಪಲ್ಲ. ಅದಕ್ಕೇ ಸಂಘದಲ್ಲಿ ಸಾಲ ಕೇಳಿದವರ ಎಲ್ಲ ಕಂತಿನ ಕಾರ್ಡುಗಳನ್ನೂ ಮೊದಲು ಚಾಪೆಯ ಮೇಲೆ ಇಡಿಸುತ್ತೇವೆ. ಗಂಡನ ಹೆಸರಿನದ್ದೂ ಸೇರಿ. ನಾಚಿಕೆಯಾಗುತ್ತದೆ ನಿಜ, ಆದರೆ ಎಲ್ಲರೂ ಇಡುತ್ತಾರೆ, ನಾನೂ ಇಟ್ಟಿದ್ದೇನೆ. ಕಂತುಗಳ ಮೊತ್ತ ಮನೆಗೆ ಬರುವ ದುಡ್ಡಿನ ಅರ್ಧ ದಾಟಿದ್ದರೆ ಹೊಸ ಸಾಲ ಇಲ್ಲ. ಇದ್ದದ್ದರಲ್ಲಿ ಬಡ್ಡಿ ಜಾಸ್ತಿ ಇರೋದನ್ನು ಮೊದಲು ತೀರಿಸಲು ಮಾತ್ರ ಕೊಡುತ್ತೇವೆ, ಆ ದುಡ್ಡು ಕಟ್ಟಿದ ರಸೀತಿ ಮುಂದಿನ ಸಭೆಗೆ ಬರಬೇಕು.

ಹೊಸದಾಗಿ ಸಂಘ ಕಟ್ಟುವವರಿಗೆ ಇನ್ನೊಂದು ಮಾತು. ಪುಸ್ತಕ ಬರೆಯುವವಳಿಗೆ ಸಂಘದ ದುಡ್ಡಿನಿಂದಲೇ ಕೂಲಿ ಕೊಡಿ, ಸ್ವಲ್ಪವಾದರೂ ಪರವಾಗಿಲ್ಲ. ಪುಕ್ಕಟೆ ಬರೆದರೆ ಅವಳಿಗೆ ಬಿಡುವಾದಾಗ ಬರೆಯುತ್ತಾಳೆ. ಕೂಲಿ ಕೊಟ್ಟರೆ ಸಭೆ ಏಳುವ ಮೊದಲೇ ಲೆಕ್ಕ ಓದಿ ಹೇಳು ಅಂತ ಕೇಳಬಹುದು. ನನ್ನನ್ನು ಹಾಗೇ ಕೇಳುತ್ತಾರೆ.