ಊರಿನವರಿಗಾಗಿ ಶಾಲಾ ನಾಟಕ: ಸಂಘಕ್ಕೆ ಕೆಲವು ಸೂಚನೆಗಳು

ಶಾಲೆಯ ನಾಟಕಸಂಘವು ಊರಿನವರೆಲ್ಲರಿಗಾಗಿ ನಾಟಕವಾಡುವುದಾದರೆ, ಪಾತ್ರ ಹಂಚುವ ಮೊದಲೇ ಕೃತಿಯ ಹಕ್ಕಿನ ವಿಚಾರವನ್ನು ಇತ್ಯರ್ಥಪಡಿಸಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಶಾಲಾ ಪ್ರದರ್ಶನಗಳಿಗಿರುವ ವಿನಾಯಿತಿಯು, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹಾಗೂ ಸಂಸ್ಥೆಯ ಚಟುವಟಿಕೆಗಳಿಗೆ ನೇರವಾಗಿ ಸಂಬಂಧಿಸಿದವರಿಗೆ ಸೀಮಿತವಾಗಿದ್ದಾಗ ಮಾತ್ರ ಅನ್ವಯಿಸುತ್ತದೆ. ಊರಿಗೆಲ್ಲ ಆಹ್ವಾನವಿದ್ದು, ನಾಟಕಕಾರರು ಜೀವಂತವಿದ್ದರೆ ಅಥವಾ ಅವರು ತೀರಿಕೊಂಡು 60 ವರ್ಷ ಕಳೆದಿರದಿದ್ದರೆ, ಹಕ್ಕುದಾರರಿಂದ ಲಿಖಿತ ಅನುಮತಿ ಪಡೆಯಿರಿ. ಸಾಮಾನ್ಯವಾಗಿ ಒಂದು ವಿನಯದ ಪತ್ರವೇ ಸಾಕಾಗುತ್ತದೆ.

ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುವ ದನಿ ಬಯಲಿನಲ್ಲಿ ಕರಗಿಹೋಗುವುದರಿಂದ, ಕೊನೆಯ ವಾರಗಳ ತಾಲೀಮನ್ನು ಆಡುವ ಜಾಗದಲ್ಲೇ ನಡೆಸಿ, ಒಬ್ಬ ವಿದ್ಯಾರ್ಥಿಯನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಕೇಳಿಸದ ಮಾತುಗಳನ್ನು ಪ್ರತಿಯಲ್ಲಿ ಗುರುತು ಮಾಡಿಸಿ. ಮೈಕನ್ನೇ ನೆಚ್ಚಿಕೊಂಡ ಮಕ್ಕಳು ಅದರ ಸುತ್ತ ಗುಂಪುಗೂಡಿ, ರಂಗದ ಉಳಿದ ಭಾಗವನ್ನು ಖಾಲಿ ಬಿಡುತ್ತಾರೆ. ಮಾತು ಒಗ್ಗದವರನ್ನು ಮೇಳ, ಬೆಳಕು, ಪರಿಕರಗಳಿಗೆ ನೇಮಿಸಿ. ಅದು ಕಡಿಮೆಯ ಕೆಲಸವೇನಲ್ಲ.

ಧ್ವನಿವರ್ಧಕಕ್ಕೆ ಮುಂಚಿತವಾಗಿ ಪೊಲೀಸರ ಅನುಮತಿ ಪಡೆಯಿರಿ. ರಾತ್ರಿ 10ರ ನಂತರ ಬಯಲಿನಲ್ಲಿ ಅದರ ಬಳಕೆಗೆ ನಿರ್ಬಂಧವಿರುವುದರಿಂದ, ಗಣ್ಯರ ಭಾಷಣಗಳನ್ನು ನಾಟಕದ ಮುಂದಿಡದೆ ಕೊನೆಗಿಡುವುದೇ ಕ್ಷೇಮ.